ಕುತ್ತಿಗೆಗೆ ಬಲೆ ಬಿಗಿದ ಸೀಲ್‌ಗಳು: ಒಂದೊಂದನ್ನೇ ಹಿಡಿದು ಬಿಡಿಸುವುದರಿಂದ ಏನಾದರೂ ಆಗುತ್ತದೆಯೇ?

ಕಡಲಕಿನಾರೆ (ಚರ್ಚೆ ಆರಂಭಿಸಿದವರು)

ನಮೀಬಿಯಾದ ವಾಲ್ವಿಸ್ ಬೇ ಪಕ್ಕದಲ್ಲಿ ಪೆಲಿಕನ್ ಪಾಯಿಂಟ್ ಎಂಬ ಮರಳದಂಡೆ ಇದೆ. ಅಲ್ಲಿ ಸೀಲ್‌ಗಳ ಕುತ್ತಿಗೆಗೆ ಬಿಗಿದ ಬಲೆಚೂರು, ಹಗ್ಗ, ತಂಗೂಸಿ ದಾರ ಕತ್ತರಿಸಿ ಬಿಡುವ ವಿಡಿಯೊಗಳು ಇಲ್ಲಿರುವ ಹಲವರ ಕಣ್ಣಿಗೆ ಬಿದ್ದಿರುತ್ತವೆ. ಆ ಕೆಲಸ ಮಾಡುತ್ತಿರುವವರು ಓಷನ್ ಕನ್ಸರ್ವೇಶನ್ ನಮೀಬಿಯಾ ಸಂಸ್ಥೆಯವರು. ನೌಡೆ ಮತ್ತು ಕಾಟ್ಯಾ ಡ್ರೆಯರ್ ದಂಪತಿ 2020ರಲ್ಲಿ ಅದನ್ನು ಕಟ್ಟಿದರು. ಬಿಡಿಸುವ ಕೆಲಸ ಅದಕ್ಕೂ ಮುಂಚಿನಿಂದ ನಡೆದಿತ್ತು.

ಪ್ರತಿ ಸಲವೂ ಉಸಿರು ಬಿಗಿಹಿಡಿದೇ ನೋಡುತ್ತೇನೆ. ಇಬ್ಬರು ಮೂವರು ಬಗ್ಗಿಕೊಂಡು ಹಿಂಡಿನ ಹತ್ತಿರ ಹೋಗುತ್ತಾರೆ, ಒಮ್ಮೆಲೇ ಓಡುತ್ತಾರೆ. ನೂರಾರು ಸೀಲ್‌ಗಳು ನೀರಿನ ಕಡೆ ನುಗ್ಗುತ್ತವೆ. ಆ ಗಲಾಟೆಯ ನಡುವೆ ಬೇಕಾದ ಒಂದನ್ನೇ ಕೈಬಲೆಗೆ ಹಾಕಿ, ಒಬ್ಬರು ಅದರ ಮೇಲೆ ಕಾಲು ಹಾಕಿ ಕುಳಿತು ತಲೆ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ತುಪ್ಪಳದ ಒಳಗೆ ಬೆರಳಾಡಿಸಿ ದಾರ ಹುಡುಕುತ್ತಾರೆ. ಎಷ್ಟೋ ಸಲ ದಾರ ಕಾಣುವುದೇ ಇಲ್ಲ, ಮಾಂಸದೊಳಗೆ ಹೂತಿರುತ್ತದೆ. ಕೊಕ್ಕೆಯಾಕಾರದ ಕತ್ತರಿಯನ್ನು ಅದರಡಿ ತೂರಿಸಿ ಎಳೆಯುತ್ತಾರೆ. ಬಿಟ್ಟ ತಕ್ಷಣ ಅದು ತಿರುಗಿಯೂ ನೋಡದೆ ಸಮುದ್ರಕ್ಕೆ ಓಡುತ್ತದೆ.

ಅರಿವಳಿಕೆ ಕೊಡದೆ ಹೀಗೆ ಹಿಡಿಯುವುದೇಕೆ? ಅಷ್ಟು ಆಳದ ಗಾಯಕ್ಕೆ ಏನೂ ಹಚ್ಚದೆ ಬಿಡುವುದೇಕೆ? ಮತ್ತೆ ಮೂಲಭೂತ ಪ್ರಶ್ನೆ ಒಂದಿದೆ. ಆ ದಂಡೆಯಲ್ಲಿ ಹತ್ತಾರು ಸಾವಿರ ಸೀಲ್‌ಗಳಿವೆ, ಸಮುದ್ರದಲ್ಲಿ ಬಲೆಗಳಿಗೆ ಲೆಕ್ಕವಿಲ್ಲ. ನನ್ನ ಭಾವನಿಗೆ ವಿಡಿಯೊ ತೋರಿಸಿದೆ, "ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು" ಅಂದರು. ನನಗೆ ಹಾಗನ್ನಿಸುವುದಿಲ್ಲ, ಆದರೆ ಯಾಕೆ ಅನ್ನಿಸುವುದಿಲ್ಲ ಎಂದು ಹೇಳಲು ಬರಲಿಲ್ಲ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಗೊರಸುಗರಿ

ನಾನು ಪಶುವೈದ್ಯೆ. ಮೊದಲ ಎರಡು ಪ್ರಶ್ನೆಗೆ ನನ್ನಿಂದಾದಷ್ಟು ಹೇಳುತ್ತೇನೆ.

ಸೀಲ್‌ಗೆ ಅರಿವಳಿಕೆ ಕೊಡುವುದು ಯಾವತ್ತೂ ಸಲೀಸಲ್ಲ. ಅವು ಮುಳುಗಿ ಬೇಟೆಯಾಡುವ ಪ್ರಾಣಿಗಳು. ಮುಳುಗುವಾಗ ಉಸಿರು ನಿಲ್ಲಿಸಿ ಹೃದಯದ ಬಡಿತ ತಗ್ಗಿಸಿಕೊಳ್ಳುವುದು ಅವುಗಳ ದೇಹಕ್ಕೆ ಹುಟ್ಟಿನಿಂದ ಬಂದದ್ದು. ಮದ್ದು ಕೊಟ್ಟಾಗಲೂ ಕೆಲವೊಮ್ಮೆ ದೇಹ ಅದನ್ನೇ ಮಾಡಿಬಿಡುತ್ತದೆ: ಉಸಿರು ನಿಂತುಹೋಗುತ್ತದೆ. ಚರ್ಮದಡಿ ದಪ್ಪ ಕೊಬ್ಬಿನ ಪದರವಿದ್ದು ಸೂಜಿ ಸ್ನಾಯು ಮುಟ್ಟದೆ ಕೊಬ್ಬಿನಲ್ಲೇ ನಿಂತರೆ, ಮದ್ದು ಯಾವಾಗ ಎಷ್ಟು ಏರುತ್ತದೆಂದು ಊಹಿಸುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ಅಪಾಯ ನೀರು. ದೂರದಿಂದ ಡಾರ್ಟ್ (ಮದ್ದಿನ ಸೂಜಿಬಾಣ) ಹೊಡೆದ ಕೂಡಲೇ ಪ್ರಾಣಿ ಹೆದರಿ ಸಮುದ್ರಕ್ಕೆ ಹಾರುತ್ತದೆ, ಅಲ್ಲಿ ಮಂಪರು ಏರಿದರೆ ಮುಳುಗಿ ಸಾಯುತ್ತದೆ.

ಹಾಗೆಂದು ಡಾರ್ಟ್ ಬಳಸುವುದೇ ಇಲ್ಲವೆಂದಲ್ಲ. ಅಲಾಸ್ಕಾ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಡೆಯ ಸ್ಟೆಲ್ಲರ್ ಸೀ ಲಯನ್ (ಸೀಲ್ ಬಳಗದ ಭಾರಿ ಪ್ರಾಣಿ) ಗಂಡುಗಳನ್ನು ಕೈಯಲ್ಲಿ ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಅಲ್ಲಿ ಪ್ರತಿಮದ್ದು ಇರುವ ಔಷಧಗಳ ಮಿಶ್ರಣವನ್ನೇ ಬಳಸುತ್ತಾರೆ: ಮೆಡೆಟೊಮಿಡಿನ್, ಬ್ಯುಟಾರ್ಫನಾಲ್, ಮಿಡಜೋಲಾಮ್. ಕೆಲಸ ಮುಗಿದ ಮೇಲೆ ಇನ್ನೊಂದು ಚುಚ್ಚುಮದ್ದು ಕೊಟ್ಟು ಎಚ್ಚರಿಸಬಹುದು. ಅದಕ್ಕೆ ನುರಿತ ವೈದ್ಯರು, ದೋಣಿ, ಜನ ಎಲ್ಲ ಬೇಕು. ನಮೀಬಿಯಾದ ವಿಡಿಯೊಗಳಲ್ಲಿರುವ ಕೇಪ್ ಫರ್ ಸೀಲ್‌ನ ಮರಿ ಅಥವಾ ಸಣ್ಣ ವಯಸ್ಸಿನದಾದರೆ ಒಂದೆರಡು ನಿಮಿಷ ಒತ್ತಿ ಹಿಡಿದು ಬಿಡುವುದೇ ಅದಕ್ಕೂ ಕ್ಷೇಮ. ಬಹಳ ಹೊತ್ತು ಹಿಡಿದರೆ ಆ ದಟ್ಟ ತುಪ್ಪಳದಲ್ಲಿ ಮೈ ಬಿಸಿಯೇರಿ ಬೇರೆಯೇ ತೊಂದರೆ ಶುರುವಾಗುತ್ತದೆ.

ಗಾಯದ ಮಾತು. ಒತ್ತಡ ಹೋದ ಮೇಲೆ ಹೆಚ್ಚಿನ ಗಾಯಗಳು ತಾವಾಗಿ ಮಾಗುತ್ತವೆ, ಉಪ್ಪುನೀರು ತೊಳೆಯುತ್ತಲೇ ಇರುತ್ತದೆ. ಮುಲಾಮು ಹಚ್ಚಿದರೆ ಮೊದಲ ಮುಳುಗಿಗೇ ಹೋಗಿಬಿಡುತ್ತದೆ. ಆಸ್ಪತ್ರೆಗೆ ತಂದರೆ ಕಾಡುಪ್ರಾಣಿಗೆ ಆಗುವ ಹೆದರಿಕೆ ಗಾಯಕ್ಕಿಂತ ಹೆಚ್ಚಾಗಬಹುದು. ಆದರೆ ಕೆಲವಕ್ಕೆ ಆಸ್ಪತ್ರೆಯೇ ಬೇಕು. ಇಂಗ್ಲೆಂಡಿನ ನಾರ್ಫಕ್ ತೀರದ ಹಾರ್ಸಿಯಲ್ಲಿ ಒಂದು ಹೆಣ್ಣು ಗ್ರೇ ಸೀಲ್ ಕುತ್ತಿಗೆಗೆ ಆಟದ ಪ್ಲಾಸ್ಟಿಕ್ ಬಳೆ ಸಿಕ್ಕಿಕೊಂಡಿತ್ತು. 2017ರಲ್ಲಿ ಹಿಡಿದು, ಬಳೆ ಕತ್ತರಿಸಿ, ತಿಂಗಳುಗಟ್ಟಲೆ ಉಪ್ಪುನೀರಿನ ಸ್ನಾನ, ಆ್ಯಂಟಿಬಯಾಟಿಕ್ ಕೊಟ್ಟು 2018ರಲ್ಲಿ ಸಮುದ್ರಕ್ಕೆ ಬಿಟ್ಟರು.

ಪ್ರಶ್ನಾರ್ಥಕ

ಸೀಲ್‌ಗಳೇ ಯಾಕೆ ಇಷ್ಟು ಸಿಕ್ಕಿಕೊಳ್ಳುತ್ತವೆ? ಡಾಲ್ಫಿನ್ ಕುತ್ತಿಗೆಗೆ ಬಳೆ ಬಿದ್ದ ಚಿತ್ರ ಅಷ್ಟಾಗಿ ಕಾಣುವುದಿಲ್ಲವಲ್ಲ.

ಜೀವಜಾಲ

ಮೊದಲ ಕಾರಣ, ಅವಕ್ಕೆ ಕುತ್ತಿಗೆ ಇದೆ. ಎರಡನೆಯದು ಕುತೂಹಲ. ಮರಿಗಳು ತೇಲುವ ಪಾಚಿ, ಗರಿ, ಕಡ್ಡಿ ಏನು ಸಿಕ್ಕರೂ ಮೂತಿಯಿಂದ ತಳ್ಳಿ ತಲೆ ತೂರಿಸಿ ಆಡುತ್ತವೆ. ಬಲೆಯ ಕುಣಿಕೆಗೂ ಹಾಗೆಯೇ ತಲೆ ಹಾಕುತ್ತವೆ. ಮೂರನೆಯದು ಕೂದಲು. ಸೀಲ್‌ನ ರೋಮ ತಲೆಯಿಂದ ಬಾಲದ ಕಡೆ ಮಲಗಿರುತ್ತದೆ. ಕುಣಿಕೆ ಮುಂದಿನಿಂದ ಹಿಂದಕ್ಕೆ ನಯವಾಗಿ ಜಾರುತ್ತದೆ, ವಾಪಸ್ ಎಳೆಯಲು ಹೋದರೆ ರೋಮ ಎದ್ದು ತಡೆಯುತ್ತದೆ. ಹಿಂದಕ್ಕೆ ತಳ್ಳಲು ಅವಕ್ಕೆ ನಮ್ಮಂಥ ಬೆರಳೂ ಇಲ್ಲ.

ಇಲ್ಲಿಂದ ಮುಂದಿನದೇ ಘೋರ. ಮರಿಗೆ ಸಿಕ್ಕಿದ ದಿನ ಕುಣಿಕೆ ಸಡಿಲವಾಗಿರುತ್ತದೆ. ಮರಿ ಬೆಳೆಯುತ್ತದೆ, ನೈಲಾನ್ ಹಿಗ್ಗುವುದೂ ಇಲ್ಲ ಕೊಳೆಯುವುದೂ ಇಲ್ಲ. ಚರ್ಮ, ಕೊಬ್ಬು, ಸ್ನಾಯು ಒಂದೊಂದಾಗಿ ಕೊಯ್ದುಕೊಂಡು ಹೋಗುತ್ತದೆ. ತುಪ್ಪಳವನ್ನೇ ನಂಬಿದ ಫರ್ ಸೀಲ್‌ಗಳಿಗೆ ಗಾಯದ ಜಾಗದಲ್ಲಿ ತಣ್ಣೀರು ನೇರ ಮೈಗೆ ತಾಗುತ್ತದೆ. ಬಲೆಯ ತುಂಡು ದೊಡ್ಡದಾದರೆ ಅದನ್ನು ಎಳೆದುಕೊಂಡೇ ಈಜಬೇಕು, ಮೀನು ಹಿಡಿಯಲಾಗದೆ ಸೊರಗುತ್ತದೆ. ತಾಯಿ ಸತ್ತರೆ ದಂಡೆಯಲ್ಲಿ ಹಾಲಿಗೆ ಕಾದ ಮರಿಯೂ ಉಳಿಯುವುದಿಲ್ಲ.

ದಂಡೆಯಲ್ಲಿ ನಮಗೆ ಕಾಣುವುದು ಅಲ್ಲಿಯವರೆಗೆ ಬರಲು ಶಕ್ತಿಯಿದ್ದವು ಮಾತ್ರ. ಭಾರದ ಬಲೆಯಲ್ಲಿ ಸಿಕ್ಕವು ಸಮುದ್ರದಲ್ಲೇ ಮುಗಿದುಹೋಗುತ್ತವೆ, ಅವು ಯಾರ ಎಣಿಕೆಗೂ ಬರುವುದಿಲ್ಲ.

ತೆರೆಗಣ್ಣು

ನಾನು ಈಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿದ್ದೇನೆ. ಬ್ರಿಟಿಷ್ ಡೈವರ್ಸ್ ಮರೈನ್ ಲೈಫ್ ರೆಸ್ಕ್ಯೂ ಸಂಸ್ಥೆಯ ತರಬೇತಿ ಪಡೆದು ಸ್ವಯಂಸೇವಕಿಯಾಗಿ ಹೋಗುತ್ತಿರುತ್ತೇನೆ. ಇಲ್ಲಿನ ಅನುಭವ ನಮೀಬಿಯಾದ ವಿಡಿಯೊಗಳಿಗಿಂತ ತೀರಾ ಬೇರೆ, ಅದಕ್ಕೇ ಬರೆಯಬೇಕೆನ್ನಿಸಿತು.

ಇಲ್ಲಿನವು ಗ್ರೇ ಸೀಲ್. ಬಲಿತ ಗಂಡು 300 ಕಿಲೊವರೆಗೂ ತೂಗುತ್ತದೆ. ಬಂಡೆಗಳ ಬುಡದ ಕೊರಕಲು ಕಡಲತೀರದಲ್ಲಿ ಮಲಗಿರುತ್ತವೆ, ನಾವು ಮೇಲಿನ ಕಡಿದಾದ ಅಂಚಿನಿಂದ ದುರ್ಬೀನಿನಲ್ಲಿ ನೋಡುತ್ತೇವೆ. ಕುತ್ತಿಗೆಗೆ ಹಸಿರು ಟ್ರಾಲ್ ಬಲೆ ಸುತ್ತಿಕೊಂಡ ಹೆಣ್ಣೊಂದನ್ನು ನಾನು ನೋಡಿದ್ದೇನೆ. ಬಲೆಯ ಅಂಚು ಅದರ ಭುಜದ ಮೇಲೆ ಹರಡಿತ್ತು, ಪ್ರತಿ ಉಸಿರಿಗೂ ಗಾಯ ಬಾಯಿ ತೆರೆದು ಮುಚ್ಚುತ್ತಿತ್ತು, ಒಳಗಿನ ಗುಲಾಬಿ ಬಣ್ಣ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಕೆಳಗಿಳಿಯಲು ನಮಗೆ ಒಪ್ಪಿಗೆ ಸಿಗಲಿಲ್ಲ, ಸಿಗಬಾರದಿತ್ತು ಕೂಡ. ಅದಕ್ಕೆ ಈಜುವ ಶಕ್ತಿ ಇನ್ನೂ ಚೆನ್ನಾಗಿತ್ತು. ನಾವು ಅರ್ಧ ದಾರಿಗೆ ಬರುವಷ್ಟರಲ್ಲಿ ನೀರಿಗಿಳಿಯುತ್ತಿತ್ತು, ಜೊತೆಗೆ ಇಡೀ ಹಿಂಡು ಎದ್ದು ಕಲ್ಲುಗಳ ಮೇಲೆ ಉರುಳಿ, ಮರಿಗಳು ತುಳಿತಕ್ಕೆ ಸಿಗುತ್ತಿದ್ದವು.

ಈ ಕೆಲಸದಲ್ಲಿ ನನಗೆ ಅತಿ ಕಷ್ಟವೆನಿಸುವುದು ಇದೇ. ಎಷ್ಟೋ ಸಲ ಸೀಲ್ ಬಳಲಿ, ಓಡಲಾಗದ ಸ್ಥಿತಿಗೆ ಬರುವವರೆಗೂ ಹಿಡಿಯಲು ಆಗುವುದಿಲ್ಲ. ಅಷ್ಟು ದಿನವೂ ಅದು ನೋಯುತ್ತಲೇ ಇರುತ್ತದೆ ಎಂದು ಗೊತ್ತಿದ್ದೂ ಫೋಟೊ ತೆಗೆದು, ಮೈಮೇಲಿನ ಮಚ್ಚೆಗಳ ಗುರುತು ದಾಖಲಿಸಿ, ಮನೆಗೆ ಬರುತ್ತೇವೆ. ಗ್ರೇ ಸೀಲ್‌ಗಳ ಮಚ್ಚೆ ಒಂದರಂತೆ ಇನ್ನೊಂದಿರುವುದಿಲ್ಲ, ಆದ್ದರಿಂದ ಮುಂದೆ ಎಲ್ಲಿ ಕಂಡರೂ ಅದೇ ಎಂದು ಗೊತ್ತಾಗುತ್ತದೆ.

ಕಡಲಕಿನಾರೆ

ತೆರೆಗಣ್ಣು ಅವರೇ, ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಪೆಲಿಕನ್ ಪಾಯಿಂಟ್‌ನಲ್ಲಿ ಮತ್ತೆ ಅಷ್ಟು ಸುಲಭವಾಗುವುದು ಹೇಗೆ?

ತೆರೆಗಣ್ಣು

ಸುಲಭವಲ್ಲ, ಜಾಗ ಒದಗುತ್ತದೆ ಅಷ್ಟೆ. ಅದು ಚಪ್ಪಟೆ ಮರಳು, ಬಿದ್ದು ಏಟಾಗುವ ಕಲ್ಲುಗಳಿಲ್ಲ, ಗಾಡಿ ಹೋಗುತ್ತದೆ. ಅಲ್ಲಿನ ತಂಡ ದಿನನಿತ್ಯ ಮಾಡಿ ಕೈ ಪಳಗಿಸಿಕೊಂಡಿದೆ. ಫರ್ ಸೀಲ್ ಹಿಂಗಾಲಿನ ಫ್ಲಿಪ್ಪರ್ ಮುಂದಕ್ಕೆ ತಿರುಗಿಸಿ ನಾಲ್ಕೂ ಊರಿ ಓಡಬಲ್ಲದು, ಆದ್ದರಿಂದ ಬೆನ್ನಟ್ಟುವವರೂ ಚುರುಕಾಗಿರಬೇಕು. ಗ್ರೇ ಸೀಲ್‌ಗೆ ಹಾಗೆ ಬರುವುದಿಲ್ಲ, ಹೊಟ್ಟೆಯ ಮೇಲೆ ತೆವಳುತ್ತದೆ. ಆದರೆ ಅದು ಮಲಗುವುದೇ ನೀರಿನಂಚಿನಲ್ಲಿ.

ಪ್ರಶ್ನಾರ್ಥಕ

ಬೇಜಾರಾಗಬೇಡಿ, ಒಂದು ಮಾತು ಕೇಳಲೇಬೇಕು. ನಮೀಬಿಯಾದಲ್ಲೇ ಪ್ರತಿ ವರ್ಷ ಜುಲೈನಿಂದ ನವೆಂಬರ್‌ವರೆಗೆ ಸರ್ಕಾರದ ಪರವಾನಗಿ ಪಡೆದು ಇದೇ ಕೇಪ್ ಫರ್ ಸೀಲ್‌ಗಳನ್ನು ಸಾವಿರಗಟ್ಟಲೆ ಕೊಲ್ಲುತ್ತಾರೆ. ಆಫ್ರಿಕಾ ಖಂಡದ ಇಡೀ ದಕ್ಷಿಣ ಭಾಗದಲ್ಲಿ ಅವುಗಳ ಸಂಖ್ಯೆ ಸುಮಾರು 20 ಲಕ್ಷ. ಅಳಿವಿನಂಚಿನ ಪ್ರಾಣಿಯೂ ಅಲ್ಲ. ಹಾಗಿದ್ದಾಗ ಒಂದೊಂದನ್ನೇ ಬಿಡಿಸುವುದಕ್ಕೆ ಹಾಕುವ ಹಣ, ಶ್ರಮವನ್ನು ಬಲೆ ತಡೆಯುವುದಕ್ಕೇ ಹಾಕಿದರೆ ಹೆಚ್ಚು ಸೀಲ್ ಉಳಿಯುವುದಿಲ್ಲವೇ? ಕಿನಾರೆ ಅವರ ಭಾವನ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ.

ಗೊರಸುಗರಿ

ಹುರುಳಿಲ್ಲ ಅನ್ನುವುದಿಲ್ಲ. ಆದರೆ ಕಣ್ಣೆದುರು ಕುತ್ತಿಗೆ ಕೊಯ್ದುಕೊಳ್ಳುತ್ತಿರುವ ಪ್ರಾಣಿಗೆ ಅದರ ಜಾತಿ ಎಷ್ಟು ಲಕ್ಷವಿದೆ ಎಂಬುದು ಸಂಬಂಧಪಡುವುದಿಲ್ಲ. ನೋವು ಅದೊಂದಕ್ಕೇ ಆಗುತ್ತಿರುವುದು. ದಾರ ನಮ್ಮದು. ಬಿಡಿಸಲು ಬರುವವರು ಬಿಡಿಸಬೇಕು, ಅಷ್ಟು ಋಣ ನಮ್ಮ ಮೇಲಿದೆ ಎಂದೇ ನಾನು ನಂಬಿದ್ದೇನೆ. ಬೇಟೆಯ ವಿಷಯ ಬೇರೆಯೇ ಜಗಳ, ಅದು ನಡೆಯುತ್ತದೆಂದು ಇದನ್ನು ಬಿಡುವುದು ನ್ಯಾಯವಲ್ಲ.

ಜೀವಜಾಲ

ಲೆಕ್ಕದ ದೃಷ್ಟಿಯಿಂದಲೂ ಪ್ರಶ್ನೆಗೆ ಉತ್ತರ ಇದೆ. ನನಗೆ ಈ ಚರ್ಚೆಯಲ್ಲಿ ಹೇಳಲೇಬೇಕಾದದ್ದು ಇದೇ, ಸ್ವಲ್ಪ ಉದ್ದವಾಗುತ್ತದೆ.

ಬಿಡಿಸುವವರು ಸೀಲ್‌ನ ಜೊತೆಗೆ ಆ ದಾರವನ್ನೂ ಹಿಡಿಯುತ್ತಾರೆ. ಕತ್ತರಿಸಿದ ತುಂಡು ಟ್ರಾಲ್ ಬಲೆಯೋ, ಗಾಳದ ತಂಗೂಸಿಯೋ, ಹೆಣೆದ ಹಗ್ಗವೋ, ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಪಟ್ಟಿಯೋ ಎಂದು ನೋಡಿ ಬರೆದಿಟ್ಟರೆ ಯಾವ ಉದ್ಯಮದಿಂದ ಬಂತು ಎಂಬ ಸಾಕ್ಷಿ ಸಿಗುತ್ತದೆ. ಸಾಕ್ಷಿ ಇಲ್ಲದೆ ಯಾವ ಸರ್ಕಾರವೂ ನಿಯಮ ಮಾಡುವುದಿಲ್ಲ.

ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾದ ಬರ್ಡ್ ದ್ವೀಪದಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೇಯವರು 1980ರ ದಶಕದ ಕೊನೆಯಿಂದ ಅಂಟಾರ್ಕ್ಟಿಕ್ ಫರ್ ಸೀಲ್‌ಗಳ ಕುತ್ತಿಗೆಯಲ್ಲಿ ಏನೇನು ಸಿಕ್ಕಿಕೊಂಡಿದೆ ಎಂದು ವರ್ಷವರ್ಷವೂ ದಾಖಲಿಸಿದರು. ಹಿಡಿಯಲು ಆದವನ್ನು ಬಿಡಿಸಿದರು. ಪಟ್ಟಿಯಲ್ಲಿ ಎದ್ದು ಕಂಡದ್ದು ಮೀನುಗಾರಿಕೆ ಹಡಗುಗಳ ಎರೆಯ ಪೆಟ್ಟಿಗೆಗಳಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳು. ಪೆಟ್ಟಿಗೆ ಒಡೆಯುವಾಗ ಪಟ್ಟಿಯನ್ನು ಕತ್ತರಿಸದೆ ಜಾರಿಸಿ ತೆಗೆದು ಸಮುದ್ರಕ್ಕೆ ಎಸೆದರೆ ಅದೊಂದು ಸಿದ್ಧ ಕುಣಿಕೆ. ದಕ್ಷಿಣ ಸಾಗರದ ಮೀನುಗಾರಿಕೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗ 1990ರ ದಶಕದ ಮಧ್ಯದಲ್ಲಿ ಎರೆಪೆಟ್ಟಿಗೆಗೆ ಆ ಪಟ್ಟಿ ಬಳಸುವುದನ್ನೇ ನಿಷೇಧಿಸಿತು. ಆಮೇಲೆ ಸಿಕ್ಕಿಕೊಳ್ಳುವ ಸೀಲ್‌ಗಳು ಕಡಿಮೆಯಾದವು. ಪೂರ್ತಿ ನಿಂತಿಲ್ಲ, ಆದರೆ ಇಳಿದಿದೆ.

ಹವಾಯಿಯ ಮಾಂಕ್ ಸೀಲ್‌ಗಳ ಕತೆ ಇನ್ನೂ ಬಿಗಿ. ಜಗತ್ತಿನಲ್ಲಿ ಉಳಿದಿರುವುದೇ ಸುಮಾರು 1,600. ಅಷ್ಟು ಕಡಿಮೆ ಇರುವಾಗ ಒಂದು ಹೆಣ್ಣನ್ನು ಬಿಡಿಸಿದರೆ ಅದರ ಮುಂದಿನ ಮರಿಗಳೂ ಉಳಿದಂತೆ, ಪ್ರಶ್ನಾರ್ಥಕ ಅವರ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ. ವಾಯುವ್ಯ ಹವಾಯಿ ದ್ವೀಪಗಳ ಹವಳದ ದಿಬ್ಬಗಳಿಗೆ ಬಂದು ಬೀಳುವ ಬಲೆಗಳು ಅಲ್ಲಿಯವರದ್ದೇ ಅಲ್ಲ. ಉತ್ತರ ಪೆಸಿಫಿಕ್‌ನ ಎಲ್ಲೆಲ್ಲಿಂದಲೋ ಪ್ರವಾಹದಲ್ಲಿ ತೇಲಿ ಬರುತ್ತವೆ. 1996ರಿಂದ ಮುಳುಗುಗಾರರು ದೋಣಿಯ ಹಿಂದೆ ಹಲಗೆ ಹಿಡಿದು ಎಳೆಸಿಕೊಂಡು ಹೋಗುತ್ತಾ ತಳ ನೋಡಿ, ಬಲೆ ಕಂಡಲ್ಲಿ ಮುಳುಗಿ ಚಾಕುವಿನಿಂದ ಹವಳದಿಂದ ಬಿಡಿಸಿ ತೆಗೆಯುತ್ತಿದ್ದಾರೆ. ಜೊತೆಗೆ ಸೀಲ್ ಬಿಡಿಸುವುದೂ ನಡೆದಿದೆ. ಬಲೆ ದೊಡ್ಡ ಪ್ರಮಾಣದಲ್ಲಿ ತೆಗೆದ ಜಾಗಗಳಲ್ಲಿ ಸಿಕ್ಕಿಕೊಳ್ಳುವ ಸೀಲ್‌ಗಳ ಪ್ರಮಾಣ ಸ್ಪಷ್ಟವಾಗಿ ತಗ್ಗಿದೆ.

ಬಿಡಿಸುವುದೋ ತಡೆಯುವುದೋ ಎಂದು ಎರಡು ಪಾಲು ಮಾಡಿ ನೋಡುವುದು ಅದಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ.

ಪ್ರಶ್ನಾರ್ಥಕ

ದಾರವೇ ಸಾಕ್ಷಿ ಎಂಬುದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಬಲೆಮನೆ

ಓದುತ್ತಾ ಬಂದೆ. ಎಲ್ಲ ಕಡೆ "ಎಸೆದ ಬಲೆ" ಎನ್ನುತ್ತಿದ್ದೀರಿ. ನಮ್ಮದು ಮೀನುಗಾರ ಮನೆತನ, ನನಗೆ ಅದು ಚುಚ್ಚುತ್ತದೆ. ಬಲೆ ಎಂದರೆ ಸಾಲ ಮಾಡಿ ತಂದ ಆಸ್ತಿ, ಅದನ್ನು ಯಾರೂ ಬೇಕೆಂದು ಬಿಸಾಡುವುದಿಲ್ಲ. ಗಾಳಿಮಳೆಗೆ ಬಲೆ ಕಿತ್ತುಕೊಂಡು ಹೋಗುತ್ತದೆ, ತಳದ ಬಂಡೆಗೆ ಸಿಕ್ಕಿ ಹರಿಯುತ್ತದೆ, ಒಬ್ಬರು ಬಿಟ್ಟ ಬಲೆಯ ಮೇಲೆ ಇನ್ನೊಬ್ಬರ ಟ್ರಾಲ್ ಬೋಟು ಹಾದು ಎಲ್ಲ ಎಳೆದುಕೊಂಡು ಹೋಗುತ್ತದೆ. ತುಂಡಾದ ಬಲೆ ಹುಡುಕಲು ಡೀಸೆಲ್ ಸುಟ್ಟು ಅಲೆದ ರಾತ್ರಿಗಳನ್ನು ಕೇಳಿಕೊಂಡೇ ಬೆಳೆದವಳು ನಾನು. ಬಲೆ ಹೊಲಿಯುವಾಗ ಕತ್ತರಿಸಿದ ಚೂರುಗಳನ್ನು ನೀರಿಗೆ ತಳ್ಳುವುದು ಮಾತ್ರ ಉಂಟು, ಅದು ತಪ್ಪೇ. ಅದನ್ನು ಸಮರ್ಥಿಸುವುದಿಲ್ಲ. ಸೀಲ್ ಕುತ್ತಿಗೆಗೆ ಬೀಳುವುದು ಹೆಚ್ಚಾಗಿ ಅಂಥ ಸಣ್ಣ ಚೂರೇ ಇರಬೇಕು.

ಜೀವಜಾಲ

ಬಲೆಮನೆ ಅವರೇ, ನೀವು ಬಂದು ಹೇಳಿದ್ದು ಒಳ್ಳೆಯದಾಯಿತು. ಕುತ್ತಿಗೆಗೆ ಬೀಳುವುದರಲ್ಲಿ ಸಣ್ಣ ಚೂರು, ಕುಣಿಕೆಗಳ ಪಾಲು ದೊಡ್ಡದೇ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಲವು ದೇಶಗಳ ಮೀನುಗಾರರನ್ನೇ ಮಾತಾಡಿಸಿ ಲೆಕ್ಕ ಹಾಕಿತು: ಜಗತ್ತಿನಲ್ಲಿ ಬಳಸುವ ಮೀನುಗಾರಿಕೆ ಸಲಕರಣೆಯಲ್ಲಿ ವರ್ಷಕ್ಕೆ ಸುಮಾರು 2% ಸಮುದ್ರ ಸೇರುತ್ತದೆ. ಕೇಳಲು ಸಣ್ಣದು. ಬಿಡಿಸಿ ಹೇಳಿದರೆ 7 ಲಕ್ಷ ಕಿಲೊಮೀಟರಿಗೂ ಹೆಚ್ಚು ಉದ್ದದ ಲಾಂಗ್‌ಲೈನ್ (ಸಾಲು ಗಾಳ ಕಟ್ಟುವ) ಹಗ್ಗ, 2.5 ಕೋಟಿಗೂ ಹೆಚ್ಚು ಏಡಿ, ಸಿಗಡಿ ಹಿಡಿಯುವ ಬೋನುಗಳು.

ಎಂಜಿನ್‌ರೂಮ್

ಹಡಗಿನಲ್ಲಿ ಕೆಲಸ ಮಾಡುವವನಾಗಿ ಕಾನೂನಿನ ಕಡೆಯಿಂದ ನಾಲ್ಕು ಮಾತು. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಯಾವ ಹಡಗೂ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಹಾಕುವಂತಿಲ್ಲ, ನೈಲಾನ್ ಬಲೆ ಹಗ್ಗ ಸೇರಿ. ಎಲ್ಲ ಎಚ್ಚರಿಕೆ ವಹಿಸಿಯೂ ಆಕಸ್ಮಿಕವಾಗಿ ಕಳೆದುಹೋದರೆ ಮಾತ್ರ ವಿನಾಯಿತಿ. ನಡುಸಮುದ್ರದಲ್ಲಿ ಅದು ಆಕಸ್ಮಿಕವೋ ಅಲ್ಲವೋ ಎಂದು ನೋಡುವವರಿಲ್ಲ. ನನ್ನ ಅನುಭವದಲ್ಲಿ ದಂಡಕ್ಕಿಂತ ಕೆಲಸ ಮಾಡುವುದು ಅನುಕೂಲ. ಬಂದರಿಗೆ ಹರಿದ ಬಲೆ ತಂದು ಹಾಕಲು ದುಡ್ಡು ಕೇಳಿದರೆ ಯಾರು ತರುತ್ತಾರೆ? ಯುರೋಪಿಯನ್ ಯೂನಿಯನ್ 2019ರಲ್ಲಿ ಅದನ್ನೇ ಬದಲಿಸಿತು. ಬಂದರಿನ ಶುಲ್ಕದಲ್ಲೇ ಕಸದ ಖರ್ಚು ಸೇರಿರುತ್ತದೆ, ತಂದರೂ ತರದಿದ್ದರೂ ಅಷ್ಟೇ ಕಟ್ಟಬೇಕು. ಬಲೆ ತಯಾರಿಸುವವರ ಮೇಲೂ ಅದೇ ವರ್ಷ ಹೊಣೆ ಹೊರಿಸಿತು. ನಾರ್ವೆಯಲ್ಲಿ 1980ರ ದಶಕದಿಂದ ಪ್ರತಿ ವರ್ಷ ಸರ್ಕಾರವೇ ಹಡಗು ಕಳಿಸಿ ಕಳೆದುಹೋದ ಬಲೆ ಎತ್ತಿಸುತ್ತದೆ. ಎಲ್ಲಿ ಕಳೆಯಿತು ಎಂದು ಮೀನುಗಾರರು ತಿಳಿಸಬೇಕು.

ಬಲೆಮನೆ

ಹೀಗೆ ಎತ್ತಿಕೊಡುತ್ತಾರೆ ಅಂದರೆ ಯಾರು ಬೇಡ ಅನ್ನುತ್ತಾರೆ! ಕಳ್ಳರಂತೆ ನೋಡದೆ ಕೇಳಿದರೆ ಎಲ್ಲಿ ಬಿತ್ತು ಎಂದು ಮೀನುಗಾರರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಸಂಜೆಗಾಳಿ

ತಡವಾಗಿ ಸೇರಿಕೊಂಡೆ. ಮುಂದಿನ ತಿಂಗಳು ನಾವು ಕೇಪ್ ಟೌನ್ ಕಡೆ ಹೋಗುತ್ತಿದ್ದೇವೆ. ಅಲ್ಲಿ ಬಂದರುಕಟ್ಟೆಯಲ್ಲೇ ಸೀಲ್‌ಗಳು ಮಲಗಿರುತ್ತವಂತೆ. ಕುತ್ತಿಗೆಗೆ ದಾರ ಇರುವುದು ಕಂಡರೆ, ಅದು ಸುಮ್ಮನೆ ಮಲಗಿದ್ದರೆ, ಕತ್ತರಿಯಿಂದ ನಾವೇ ಕತ್ತರಿಸಬಹುದೇ?

ಗೊರಸುಗರಿ

ಖಂಡಿತ ಬೇಡ ಮೇಡಂ, ಹತ್ತಿರವೂ ಹೋಗಬೇಡಿ. 2024ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಫರ್ ಸೀಲ್‌ಗಳಲ್ಲಿ ರೇಬಿಸ್ ಇರುವುದು ಪರೀಕ್ಷೆಯಲ್ಲಿ ದೃಢಪಟ್ಟಿದೆ. ಬಿಡಿಸುವ ಕೆಲಸದವರೂ ಲಸಿಕೆ ಹಾಕಿಸಿಕೊಂಡೇ ಇಳಿಯಬೇಕಾದ ಸ್ಥಿತಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು, ಕಚ್ಚಿದ್ದು ಸೀಲ್ ಎಂದು ಬಾಯಿಬಿಟ್ಟು ಹೇಳಬೇಕು. ಯಾಕೆಂದರೆ ಸೀಲ್ ಕಡಿತದಿಂದ ಬೆರಳು ಬಾತು ಕೀಲು ಹಿಡಿದುಕೊಳ್ಳುವ ಇನ್ನೊಂದು ಸೋಂಕೂ ಇದೆ. ಅದರ ರೋಗಾಣು ಮೈಕೊಪ್ಲಾಸ್ಮಾ ಜಾತಿಯದು, ಕೋಶಭಿತ್ತಿಯೇ ಇಲ್ಲದ್ದು. ಪೆನ್ಸಿಲಿನ್ ಕೆಲಸಕ್ಕೆ ಬರುವುದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೇಕು.

ತೆರೆಗಣ್ಣು

ಡಾಕ್ಟರ್ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಸೀಲ್‌ನ ಹಿಂದೆ ಉದ್ದ ಹಗ್ಗ ಎಳೆದಾಡುತ್ತಿದ್ದರೆ ಅದನ್ನಾದರೂ ಕತ್ತರಿಸೋಣ ಎಂದು ಕೈ ಚಾಚಬೇಡಿ. ಕುತ್ತಿಗೆಯ ಕುಣಿಕೆ ಹಾಗೇ ಉಳಿಯುತ್ತದೆ, ತಂಡದವರಿಗೆ ಅದನ್ನು ಗುರುತಿಸಲು, ಹಿಡಿಯಲು ಇದ್ದ ಒಂದೇ ಆಸರೆ ಹೋಗುತ್ತದೆ. ನೀರಿನ ಕಡೆ ಅಟ್ಟಬೇಡಿ, ಸೀಲ್ ಮತ್ತು ಸಮುದ್ರದ ನಡುವೆ ನಿಲ್ಲಬೇಡಿ.

ಕೇಪ್ ಟೌನ್‌ನಲ್ಲಿ ಟೂ ಓಷನ್ಸ್ ಅಕ್ವೇರಿಯಂನವರು ಸಿಕ್ಕಿಕೊಂಡ ಸೀಲ್‌ಗಳನ್ನು ಬಿಡಿಸುವ ಕೆಲಸ ಮಾಡಿಕೊಂಡು ಬಂದಿದ್ದಾರೆ, ಅವರಿಗೆ ತಿಳಿಸಿ. ದೂರದಿಂದ ಜೂಮ್ ಮಾಡಿ ಫೋಟೊ ತೆಗೆಯಿರಿ: ತಲೆ ಕುತ್ತಿಗೆ ಎರಡೂ ಬದಿಯಿಂದ, ದಾರದ ಬಣ್ಣ, ಪಕ್ಕದಲ್ಲಿ ಬೇರೆ ಸೀಲ್ ಇದ್ದರೆ ಅದೂ ಸೇರಿದ ಒಂದು ಚಿತ್ರ, ಗಾತ್ರ ತಿಳಿಯಲು. ಯಾವ ಕಟ್ಟೆ, ಎಷ್ಟು ಹೊತ್ತಿಗೆ, ಉಬ್ಬರವೋ ಇಳಿತವೋ ಎಂದು ಬರೆದುಕೊಳ್ಳಿ. ಅವರು ಬರುವಷ್ಟರಲ್ಲಿ ಅದು ಹೋಗಿದ್ದರೂ ನಿಮ್ಮ ಫೋಟೊ ಉಪಯೋಗಕ್ಕೆ ಬರುತ್ತದೆ, ಸೀಲ್‌ಗಳು ಒಗ್ಗಿದ ಜಾಗಕ್ಕೆ ಮತ್ತೆ ಮತ್ತೆ ಬರುತ್ತವೆ.

ಸಂಜೆಗಾಳಿ

ಬರೆದುಕೊಂಡೆ. ಮಕ್ಕಳಿಗೂ ಹೇಳಿಟ್ಟಿದ್ದೇನೆ, ಅವರು ಮೊದಲು ಓಡಿಬಿಡುತ್ತಾರೆ. ಹೋಗಿ ಬಂದ ಮೇಲೆ ಏನು ಕಂಡೆವೆಂದು ಇಲ್ಲೇ ಬರೆಯುತ್ತೇನೆ.

ಕಡಲಕಿನಾರೆ

ಜೀವಜಾಲ ಅವರು ಬರೆದ ಬರ್ಡ್ ದ್ವೀಪದ ಭಾಗವನ್ನು ಭಾವನಿಗೆ ಓದಿ ಹೇಳಿದೆ. "ಹಾಗಾದರೆ ಆ ಪಟ್ಟಿಯನ್ನು ಈಗಲೂ ಕತ್ತರಿಸದೆ ಎಸೆಯುವ ಹಡಗು ಯಾರದ್ದು?" ಎಂದು ಕೇಳಿದರು. ಎಂಜಿನ್‌ರೂಮ್ ಅವರೇ, ನಿಮಗೇನಾದರೂ ಗೊತ್ತೇ?

ಎಂಜಿನ್‌ರೂಮ್

ಪಟ್ಟಿಯ ಮೇಲೆ ಯಾರ ಹೆಸರೂ ಇರುವುದಿಲ್ಲ, ಅದೇ ತೊಂದರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಬಲೆ, ಬೋನು, ಗಾಳದ ಹಗ್ಗಗಳಿಗೆ ಮಾಲೀಕರ ಗುರುತು ಹಾಕುವ ಮಾರ್ಗಸೂಚಿಗೆ ಒಪ್ಪಿಗೆ ಪಡೆದಿದೆ. ಅದು ಸ್ವಯಂಪ್ರೇರಿತ, ಕಡ್ಡಾಯವಲ್ಲ, ಹಾಗಾಗಿ ಪಾಲನೆ ಆಯಾ ದೇಶದ ಮೇಲೆ ನಿಂತಿದೆ. ಪಟ್ಟಿಗೆ ಮಾತ್ರ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಬಿಚ್ಚುವಾಗ ಒಂದು ಸಲ ಕತ್ತರಿಸಿದರೆ ಅದು ಕುಣಿಕೆಯಾಗಿ ಉಳಿಯುವುದಿಲ್ಲ. ನಮ್ಮ ಹಡಗಿನಲ್ಲಿ ಸ್ಟೋರಿಗೆ ಬರುವ ಪ್ರತಿ ಪೆಟ್ಟಿಗೆಯ ಪಟ್ಟಿಯನ್ನೂ ಕತ್ತರಿಸಿಯೇ ಕಸದ ಡ್ರಮ್ಮಿಗೆ ಹಾಕಬೇಕೆಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ.